ಒಕ್ಕಣೆ ಯಂತ್ರ ನಿಂತ ಹೊತ್ತು

ಮತ್ತೆ ಅದೇ ಗುರ್ ಅನ್ನುವ ಸದ್ದು, ಹೆಡ್‌ಫೋನಿನೊಳಗೆ ಯಾರೋ ತುಂಬಿದ ಗೋಣಿಚೀಲ ಎಳೆಯುತ್ತಿರುವ ಹಾಗೆ, ಹಿತ್ತಲಾಚೆಯ ಕಣದಲ್ಲಿ ಒಕ್ಕಣೆ ಯಂತ್ರ ಬೆಳಗಿನಿಂದ ನಿಂತಿಲ್ಲ, ಕೊಯ್ಲು ಮುಗಿದ ಕಾಲ, ಪಡುವಣದಲ್ಲಿ ಮೋಡ ಬೇರೆ ಕಟ್ಟುತ್ತಿದೆ, ಯಾರು ನಿಲ್ಲಿಸುತ್ತಾರೆ, ಅಪ್ಪನ ಕಣದಲ್ಲಿ ಹೊಟ್ಟು ತೂರಿ ಬೆಳೆದವನು ನಾನು, ನಾನಾಗಿದ್ದರೂ ನಿಲ್ಲಿಸುತ್ತಿರಲಿಲ್ಲ — ಆದರೆ ಇವತ್ತು ಅದರ ಬಾಯಿ ಕಟ್ಟಲೇಬೇಕು, ಅತ್ತೆಯ ಒಂದೇ ಒಂದು ಮಾತಿಗಾಗಿ. ಅಗೋ ಒಲೆಯ ಮುಂದೆ ಕೂತಿದ್ದಾಳೆ, ಅಪ್ಪನ ತಂಗಿ, ಶೂಟಿಂಗಿಗೆ ಬಣ್ಣ ಹಚ್ಚಿಕೊಂಡು, ಬೆಳಗಿನಿಂದ ಬಾಯಿ ತೆರೆದಿಲ್ಲ, ನೀರು ಬೇಕಾದರೂ ಕೈಸನ್ನೆ, ಇರುವಷ್ಟು ಧ್ವನಿಯನ್ನು ಆ ಒಂದು ಮಾತಿಗೆ ಕೂಡಿಟ್ಟುಕೊಂಡಿದ್ದಾಳೆ, ನಾಳೆ ಗಂಟಲ ಆಪರೇಷನ್, ಜೀವಕ್ಕೇನೂ ಭಯ ಇಲ್ಲಮ್ಮ, ಧ್ವನಿ ಮಾತ್ರ ಹೇಳಕ್ಕಾಗಲ್ಲ ಅಂದಿದ್ದಾರೆ ಡಾಕ್ಟರು. ಆ ಗೊಗ್ಗರು ಗಂಟಲು ಯಾವ ನಿರ್ಮಾಪಕನಿಗೂ ಹಿಡಿಸಲಿಲ್ಲ, ಅವಳ ತುಟಿಗೆ ಯಾವಾಗಲೂ ಇನ್ನೊಬ್ಬಳ ಜೇನುದನಿ, ಸಿನಿಮಾದಲ್ಲಿ ನನ್ನ ಗಂಡಂದಿರು ಸತ್ತಾಗೆಲ್ಲ ಅತ್ತವಳು ಅವಳು ಕಣೋ, ನಾನು ಬರೀ ಮೂಗು ಒರೆಸ್ಕೊಂಡೆ, ಎಂದು ಮೊನ್ನೆ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮು ನಿಂತ ಮೇಲೆ ನನ್ನ ಮೊಣಕೈ ಹಿಡಿದು, ಇದೊಂದು ಸಲ ನನ್ನ ದನೀನೇ ಇರೋ ಹಾಗೆ ಮಾಡೋ ಮಗಾ. ಆಯ್ತು ಅತ್ತೆ ಎಂದೆ. ಅಮ್ಮನಿಲ್ಲದ ಮನೆಯಲ್ಲಿ ನನಗೆ ತುತ್ತು ಕಲಸಿಕೊಟ್ಟವಳು ಕೇಳಿದ್ದು ಅಷ್ಟೇ, ಆಯ್ತು ಅನ್ನದೆ ಏನನ್ನಲಿ. ನಿರ್ದೇಶಕನೂ ಒಪ್ಪಿದ್ದ, ಒಪ್ಪಿಗೆಗೆ ಬಾಲ ಇತ್ತು, ಸೌಂಡ್ ಶುದ್ಧವಾಗಿ ಬಂದ್ರೆ ಇಟ್ಕೊಳ್ಳೋಣ, ಇಲ್ಲಾಂದ್ರೆ ಡಬ್ಬಿಂಗ್ ಇದ್ದೇ ಇದೆಯಲ್ಲ.

ಕಣದವನ ಹತ್ತಿರ ನಾನೇ ಹೋಗಿ ಹಲ್ಲುಗಿಂಜಿದೆ, ಅವನು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಹೊಟ್ಟು ಕೊಡವಿ, ಅಲ್ಲ ಸ್ವಾಮಿ, ನಿಮ್ಮ ಸಿನಿಮಾ ನೆಂದ್ರೆ ಒರೆಸ್ಕೋತೀರಿ, ನನ್ನ ಕಾಳು ನೆಂದ್ರೆ ನೀವು ಬಂದು ಒಣಗಿಸ್ತೀರಾ, ಎಂದು ಅಷ್ಟು ಹೊತ್ತು ನನ್ನನ್ನು ಬೇಯಿಸಿ ಆಮೇಲೆ, ಆಳುಗಳು ಟೀ ಕುಡಿಯೋವರೆಗೆ ನಿಲ್ಲಿಸ್ತೀನಿ, ಒಂದು ಗುಟುಕೂ ಜಾಸ್ತಿ ಇಲ್ಲ. ಓಡಿ ಬಂದೆ. ನಿಂತಿತು — ಆಹಾ, ಎಂಥ ಮೌನ, ಒಲೆಯಲ್ಲಿ ಸೌದೆ ಚಟ್ ಅನ್ನುವುದು, ಅತ್ತೆಯ ಉಸಿರು, ಅವಳ ಬಳೆ ಮೊಣಕಾಲಿಗೆ ತಾಗಿದ್ದು, ಎಲ್ಲ ಬಿಡಿಬಿಡಿಯಾಗಿ. ರೋಲ್ ಎಂದ ನಿರ್ದೇಶಕ. ಎರಡು ಕೈಯಲ್ಲೂ ಮೈಕಿನ ಕೋಲು, ಒಂದನ್ನು ಬಿಡಿಸಿ ಸೊಂಟದ ಚೀಲದಲ್ಲಿರುವ ರೆಕಾರ್ಡರಿನ ಗುಂಡಿ ಒತ್ತಿದೆ, ಒಂದೇ ಗುಂಡಿ, ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಬಗ್ಗಿ ನೋಡಿದೆ, ಕೆಂಪು ಚುಕ್ಕೆ ಹತ್ತಿತು, ಗುಲಗಂಜಿಯಷ್ಟು. ಹಾಗೇ ಇರುತ್ತಿತ್ತು ಚಿಕ್ಕಂದಿನಲ್ಲಿ ಅತ್ತೆ ಕೊಡುತ್ತಿದ್ದ ಗುಲಗಂಜಿ, ಅವಳ ನಾಟಕವಿದ್ದಾಗ ರಂಗದ ಪಕ್ಕದ ಪರದೆಯ ಹಿಂದೆ ನನ್ನನ್ನು ನಿಲ್ಲಿಸಿ ಮುಷ್ಟಿಯೊಳಗೆ ಒಂದು ಕಾಳು ಇಟ್ಟು, ಬಿಗಿಯಾಗಿ ಹಿಡ್ಕೋ, ಮಾತಾಡಿದ್ರೆ ಬಿದ್ದುಹೋಗುತ್ತೆ — ನಾನು ಉಸಿರೂ ಬಿಡದೆ ಹಿಡಿದಿರುತ್ತಿದ್ದೆ, ಆಚೆಯಿಂದ ಆ ಗೊಗ್ಗರು ದನಿ ಕೊನೆಯ ಸಾಲಿನವರೆಗೂ ಹೋಗಿ ಮುಟ್ಟುತ್ತಿತ್ತು. ತಾಳಿ ತಾಳಿ, ಎಂದ ನಿರ್ದೇಶಕ, ಕ್ಯಾಮೆರಾ ಕೆಳಗೆ ಬೇಕು, ನೆಲಕ್ಕೆ.

ನೆಲಕ್ಕಂತೆ. ದೃಶ್ಯ ಇರುವುದೇ ಇಷ್ಟು, ಜಗಳವಾಡಿ ಮನೆ ಬಿಟ್ಟುಹೋದ ತಂಗಿ ವರ್ಷಗಳ ಮೇಲೆ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾಳೆ, ಅಕ್ಕ ಒಲೆಯಿಂದ ತಿರುಗದೆ ಒಂದು ಮಾತು ಹೇಳುತ್ತಾಳೆ, ಬಾಗಿಲು ಹಾಕ್ಕೊಂಡು ಒಳಗೆ ಬಾ. ಕ್ಯಾಮೆರಾ ಅತ್ತೆಯ ಕಣ್ಣಿನ ಎತ್ತರಕ್ಕಿದ್ದರೆ ಅದು ಮನೆಯವಳು ಮನೆಯವಳಿಗೆ ಹೇಳುವ ಮಾತು, ನೆಲದಿಂದ ನೋಡಿದರೆ ಅದೇ ಮಾತು ಅಪ್ಪಣೆ, ಅಟ್ಟದಿಂದ ನೋಡಿದರೆ ಅಂಗಲಾಚಿದಂತೆ, ಇದು ನನಗೂ ಗೊತ್ತು, ಆದರೆ ಗೊತ್ತುಮಾಡಿಕೊಳ್ಳಲು ಬೆಳಗಿನಿಂದ ಹೊತ್ತಿರಲಿಲ್ಲವೇ, ಕಣದಲ್ಲಿ ಟೀ ತಣ್ಣಗಾಗುತ್ತಿರುವಾಗಲೇ ಆಗಬೇಕಿತ್ತೇ. ಕ್ಯಾಮೆರಾದವನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ, ಬೇಡ, ರಾಕ್ಷಸಿ ಥರ ಕಾಣ್ತಾರೆ, ಏಳು. ಎದ್ದ. ನಿರ್ದೇಶಕ ಕಿಟಕಿಗೆ ಕಂಬಳಿ ಕಟ್ಟಿಸಿದ, ಒಲೆಯ ಬೆಂಕಿಯೊಂದೇ ಸಾಕು, ಅರ್ಧ ಮುಖ ಕತ್ತಲೆ, ಅದೇ ಅವಳ ಸಿಟ್ಟು. ಕಂಬಳಿ ಬಿಚ್ಚಿಸಿದ, ಬೆಳಕು ಬೆನ್ನಿಂದ ಬರಲಿ, ಹೊಗೆ ಚೆನ್ನಾಗಿ ಕಾಣುತ್ತೆ. ಹೊಗೆ ಅತ್ತೆಯ ಗಂಟಲಿಗೆ ಹೋಗುತ್ತಿದೆ, ಸೆರಗು ಬಾಯಿಗೊತ್ತಿ ಕೂತಿದ್ದಾಳೆ, ಕೆಮ್ಮಿದರೆ ಕೂಡಿಟ್ಟದ್ದು ಹೋಯಿತು. ಸಾರ್, ಮೆಷಿನ್ ಶುರುವಾಗುತ್ತೆ ಸಾರ್, ಎಂದೆ. ಇರ್ರೀ, ಸದ್ದು ಆಮೇಲೂ ಹಾಕ್ಕೋಬಹುದು, ಬೆಳಕು ಆಮೇಲೆ ಹಾಕ್ಕೊಳಕ್ಕಾಗುತ್ತಾ? ಕೋಲು ಹಿಡಿದ ತೋಳು ಮರಗಟ್ಟಿತು, ಹಲ್ಲು ಕಚ್ಚಿದೆ, ಇವನ ಬೆಳಕಿಗೆ ಬೆಂಕಿ ಹಾಕ, ನನಗೆ ಬೇಕಾಗಿರುವುದು ಹಾಕಿಕೊಳ್ಳಲಾಗದ ಸದ್ದೇ ಅಲ್ಲವೇ, ನಾಳೆ ಇರುತ್ತದೋ ಇಲ್ಲವೋ. ಕೊನೆಗೆ ಕ್ಯಾಮೆರಾ ಎಲ್ಲಿಗೆ ಬಂತು, ಮೊದಲು ಇದ್ದಲ್ಲಿಗೇ, ಅತ್ತೆಯ ಕಣ್ಣಿನ ಎತ್ತರಕ್ಕೆ.

ರೋಲ್. ಒತ್ತಿದೆ. ಕಣ್ಣು ಅವಳ ತುಟಿಯಿಂದ ಕೀಳಲಿಲ್ಲ. ಹೊಸ್ತಿಲಲ್ಲಿ ತಂಗಿಯ ಪಾತ್ರದವಳ ಹೆಜ್ಜೆ, ಒಲೆಯಲ್ಲಿ ಒಂದು ಚಟ್, ಅತ್ತೆ ಸೌದೆ ಮುಂದಕ್ಕೆ ತಳ್ಳಿದಳು, ಬಾಗಿಲು ಹಾಕ್ಕೊಂಡು — ಅಲ್ಲೊಂದು ತಡೆ, ಯಾರೂ ಹೇಳಿಕೊಡದ ತಡೆ, ದನಿ ಸೀಳಿ ಎರಡಾಗಿ ಮತ್ತೆ ಕೂಡಿಕೊಂಡದ್ದು — ಒಳಗೆ ಬಾ. ಅಪ್ಪಣೆಯೂ ಅಲ್ಲ, ಅಂಗಲಾಚಿದ್ದೂ ಅಲ್ಲ, ಬಾಗಿಲು ಇಷ್ಟು ವರ್ಷವೂ ತೆರೆದೇ ಇತ್ತು ಎಂದು ಗೊತ್ತಾಗುವ ಹಾಗೆ. ನನ್ನ ಹೆಡ್‌ಫೋನಿನೊಳಗೆ, ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರ. ಕಟ್, ಎಂದ ನಿರ್ದೇಶಕ, ಕಣ್ಣೊರೆಸಿಕೊಂಡ, ಹಾಳಾದವನಿಗೂ ಕಣ್ಣೀರು ಬಂತು, ಇದೇ ದನಿ ಇರ್ಲಿ ಕಣ್ರೀ, ಇದನ್ನ ಯಾರು ಡಬ್ ಮಾಡ್ತಾರೆ. ಗೆದ್ದೆ ಅಂದುಕೊಂಡೆ, ನಿಲ್ಲಿಸಲು ಹೆಬ್ಬೆರಳು ಗುಂಡಿಯ ಮೇಲಿಟ್ಟು ಬಗ್ಗಿ ನೋಡಿದೆ, ಚುಕ್ಕೆ ಇಲ್ಲ. ಗಾಜು ಕಪ್ಪಗಿದೆ. ಚುಕ್ಕೆ ಯಾಕಿಲ್ಲ — ಕಟ್, ಈಗ ಕಟ್ ಎಂದ, ಮೊದಲ ಸಲ ಅನ್ನಲಿಲ್ಲ, ತಾಳಿ ತಾಳಿ ಎಂದನಷ್ಟೇ, ಕಟ್ ಎಂದರೆ ನಿಲ್ಲಿಸುವುದು ನನ್ನ ಕೈಯ ಅಭ್ಯಾಸ, ಅನ್ನಲಿಲ್ಲ, ನಿಲ್ಲಿಸಲಿಲ್ಲ, ಅದು ಓಡುತ್ತಲೇ ಇತ್ತು, ನೆಲಕ್ಕೆ, ಏಳು, ಕಂಬಳಿ, ಹೊಗೆ, ಎಲ್ಲ ಹಿಡಿದಿದೆ, ಹಲ್ಲು ಕಚ್ಚಿದ್ದನ್ನೂ ಹಿಡಿದಿರಬೇಕು, ಆಮೇಲೆ ಎರಡನೇ ರೋಲ್‌ಗೆ ನಾನು ಒತ್ತಿದೆ, ಓಡುತ್ತಿದ್ದದ್ದನ್ನು ನಿಲ್ಲಿಸಿದೆ. ಓಡದಿದ್ದರೂ ಹೆಡ್‌ಫೋನಿಗೆ ಎಲ್ಲ ಕೇಳಿಸುತ್ತದೆ, ಕೇಳಿಸಿತು, ನನಗೊಬ್ಬನಿಗೇ. ಇನ್ನೊಂದು ಸಲ, ಸಾರ್, ಎನ್ನಬೇಕು, ಎನ್ನುವಷ್ಟರಲ್ಲಿ ಹಿತ್ತಲಾಚೆ ಗುರ್ ಎಂದಿತು, ಟೀ ಮುಗಿಯಿತು, ಕಿಟಕಿಯ ಬೆಳಕೂ ಬೂದಿಯಾಯಿತು, ಅತ್ತೆ ಮಂಡಿ ಊರಿ ಎದ್ದು ಬರುತ್ತಿದ್ದಾಳೆ, ಇನ್ನು ಕಾಯುವ ಅಗತ್ಯವಿಲ್ಲದ ಗಂಟಲನ್ನು ಸಡಿಲ ಬಿಟ್ಟು ಕೆಮ್ಮುತ್ತ, ನಗುತ್ತ, ಸಿಕ್ತೇನೋ ಮಗಾ — ದನಿಯಿಲ್ಲ, ಬರೀ ಗಾಳಿ, ತುಟಿ ನೋಡಿ ತಿಳಿದುಕೊಂಡೆ, ನನ್ನ ತಲೆ ಯಾವ ಕಡೆಗೆ ಆಡಿತೋ, ಹೆಬ್ಬೆರಳು ತಾನಾಗಿ ಒತ್ತಿತು, ಹತ್ತಿತು, ಈಗ ಹತ್ತಿತು, ಒಕ್ಕಣೆ ಯಂತ್ರದ ಸದ್ದನ್ನು ತುಂಬಿಕೊಳ್ಳುತ್ತ, ಗುಲಗಂಜಿಯಷ್ಟು, ಕೆಂಪಗೆ