ಪೈಲ್ವಾನನ ಅಂಗಳದ ಬೊಡ್ಡೆ

ಬೀದಿಯವರೆಲ್ಲ ಅವನನ್ನು ಪೈಲ್ವಾನ ಎಂದೇ ಕರೆಯುತ್ತಿದ್ದರು. ಅವನು ಯಾವ ಅಖಾಡಕ್ಕೂ ಇಳಿದವನಲ್ಲ, ಗೂಡ್ಸ್ ಗಾಡಿ ಓಡಿಸುವವನು. ಆದರೆ ಬೀರು, ಫ್ರಿಜ್ಜು, ಕಬ್ಬಿಣದ ಮಂಚ, ಏನೇ ಇರಲಿ, "ಬಿಡಿ, ನಾನೊಬ್ಬನೇ ಸಾಕು" ಎಂದು ಬೆನ್ನಿಗೇರಿಸಿಕೊಳ್ಳುತ್ತಿದ್ದ. ಅಂಥವನ ಕೈಗೂ ಜಗ್ಗದ ವಸ್ತು ಒಂದಿತ್ತು. ಅದು ಅವನ ಮನೆಯಂಗಳದಲ್ಲೇ ಇತ್ತು.

ಹಿಂದಿನ ವರ್ಷ ಗಾಳಿಗೆ ವಾಲಿದ ಮರವನ್ನು ಕಡಿಸಿದಾಗ ಬೊಡ್ಡೆಯನ್ನು ಹಾಗೇ ಬಿಟ್ಟಿದ್ದರು. ಬಾಗಿಲಿಗೂ ಗೇಟಿಗೂ ನಟ್ಟನಡುವೆ ಅದು ಬೇರೂರಿ ಕೂತಿತ್ತು. ಈಗ ಅದಕ್ಕೆ ಗೆದ್ದಲು ಹಿಡಿದು, ಮಣ್ಣಿನ ಗೆರೆ ಬಾಗಿಲ ಚೌಕಟ್ಟಿನವರೆಗೂ ಬಂದಿತ್ತು. ಸಾಲದ್ದಕ್ಕೆ ಹೋದ ತಿಂಗಳು ಅವನ ಅಮ್ಮ ಅದರ ಬೇರಿಗೆ ಎಡವಿ ಬಿದ್ದಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಅಂದಿನಿಂದ ಅಂಗಳಕ್ಕಿಳಿಯುವುದನ್ನೇ ಬಿಟ್ಟಿದ್ದಳು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ಅಲ್ಲಿಂದಲೇ ಕೂಗಿ ಮಾತಾಡಿಸುತ್ತಿದ್ದಳು.

"ರೀ, ಗೊತ್ತಿರೋರನ್ನ ಕರೆಸ್ರೀ," ಎಂದಳು ಹೆಂಡತಿ. "ಹೀಗೇ ಬಿಟ್ರೆ ಬಾಗಿಲೇ ಗೆದ್ದಲ ಪಾಲಾಗುತ್ತೆ."

"ಒಂದು ಮರದ ತುಂಡಿಗೆ ಆಳು ಕರೆಸೋದಾ? ನೋಡಿದೋರು ನಗ್ತಾರೆ. ಭಾನುವಾರ ಬರಲಿ, ನೋಡ್ತಿರು."

ಹೆಂಡತಿ ಸೀದಾ ನಾದಿನಿಗೆ ಫೋನ್ ಮಾಡಿದಳು.

ನಾದಿನಿ ಎಂದರೆ ಪೈಲ್ವಾನನ ಒಡಹುಟ್ಟಿದ ತಂಗಿ. ಮರ ಕಡಿದು ಬೊಡ್ಡೆ ತೆಗೆಯುವ ಕಂಪನಿಯೊಂದರಲ್ಲಿ ಯಂತ್ರ ನಡೆಸುವವಳು. ಅವಳ ಬಾಯಿಯೂ ಯಂತ್ರಕ್ಕಿಂತ ಕಡಿಮೆಯಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಬಂದಾಗ ಅಣ್ಣ ಹಾರೆಯಿಂದ ಬುಡ ಕೆದಕಿ, ಬೊಡ್ಡೆಗೆ ದಪ್ಪ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಯ ಹಿಂಬದಿಗೆ ಕಟ್ಟುತ್ತಿದ್ದ.

"ಅಣ್ಣಾ, ಬಿಚ್ಚು ಮೊದಲು ಅದನ್ನ!"

"ಬಂದ್ಯಾ ಇಂಜಿನಿಯರಮ್ಮ! ಸುಮ್ನೆ ನಿಂತು ನೋಡು. ಒಂದೇ ಎಳೆತ, ಹಲ್ಲು ಕಿತ್ತ ಹಾಗೆ ಬರುತ್ತೆ."

"ಇದರ ಬೇರು ಎಲ್ಲೆಲ್ಲಿ ಹೋಗಿದೆ ನಿಂಗೊತ್ತಾ? ನೀರಿನ ಪೈಪು ಎಲ್ಲಿದೆ, ಕರೆಂಟು ತಂತಿ ಎಲ್ಲಿದೆ? ಹಗ್ಗ ಕಿತ್ಕೊಂಡ್ರೆ ಯಾರಿಗೆ ಬಡಿಯುತ್ತೆ?"

"ಈ ಹಗ್ಗ ಕಿತ್ಕೊಳ್ಳೋದಾ? ಎಷ್ಟು ಬೀರು ಎಳೆದಿದೆ ಗೊತ್ತಾ ಇದು!"

"ಬೀರುಗೆ ಬೇರಿರಲ್ಲ ಕಣೋ!"

ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟಳು. ಪೈಲ್ವಾನನ ಮುಖ ಕೆಂಪಾಯಿತು. ಇನ್ನು ಹಿಂದೆ ಸರಿದರೆ ಮರ್ಯಾದೆ ಏನುಳಿಯಿತು? ಗಾಡಿ ಹತ್ತಿ ಕೂತ.

ಇವನು ಕೇಳುವವನಲ್ಲ ಎಂದು ತಂಗಿಗೆ ಗೊತ್ತಾಯಿತು. "ಹಾಗಾದ್ರೆ ಎಲ್ಲರೂ ಒಳಗೆ ಹೋಗೋವರೆಗೂ ಕೀಲಿ ತಿರುಗಿಸಬೇಡ!" ಎಂದು ಕೂಗಿ, ಬೀದಿಯಲ್ಲಿ ನಿಂತಿದ್ದವರನ್ನು ದೂರ ಕಳಿಸಿದಳು. ಅತ್ತಿಗೆಯನ್ನು ಒಳಕ್ಕೆ ತಳ್ಳಿದಳು. ಅಮ್ಮನನ್ನು ಕುರ್ಚಿಯಿಂದ ಎಬ್ಬಿಸಿದಳು.

"ಕೂತು ನೋಡೋಕೂ ಬಿಡಲ್ಲ ಇವಳು," ಎಂದು ಅಮ್ಮ ಗೊಣಗುತ್ತಲೇ ಒಳಗೆ ಹೋದಳು.

ಗಾಡಿ ಗುರ್ರೆಂದಿತು. ಹಗ್ಗ ಬಿಗಿಯಿತು. ಬೊಡ್ಡೆ ಕಿರ್ರೆಂದು ನರಳಿತು. "ಬಂತು, ಬಂತು!" ಎಂದು ಪೈಲ್ವಾನ ಇನ್ನಷ್ಟು ಅದುಮಿದ.

ಬಂದೂಕು ಹಾರಿದಂಥ ಸದ್ದು! ಗಾಡಿ ಮುಗ್ಗರಿಸಿತು. ಗಾಡಿಯ ಕಡೆ ಕಿತ್ತುಹೋದ ಹಗ್ಗ ಚಾಟಿಯಂತೆ ಹಿಂದಕ್ಕೆ ಹಾರುವುದು ಅವನಿಗೆ ಕನ್ನಡಿಯಲ್ಲಿ ಕಂಡಿತು. ಅದು ಬೊಡ್ಡೆಯನ್ನೂ ದಾಟಿ ಬಾಗಿಲಿಗೆ ಬಡಿಯಿತು. ಅಮ್ಮನ ಕುರ್ಚಿ ಹೋಳಾಗಿ ಹೋಯಿತು.

ಹೇಗೆ ಇಳಿದನೋ, ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. "ಅಮ್ಮಾ! ಅಮ್ಮಾ!"

"ಒಳಗೇ ಇದ್ದೀನಿ ಕಣೋ, ಯಾಕೆ ಹಾಗೆ ಕಿರುಚ್ತೀಯ?" ಒಳಕೋಣೆಯಿಂದ ಅಮ್ಮನ ದನಿ ಬಂತು.

ಪೈಲ್ವಾನ ಮೆಟ್ಟಿಲ ಮೇಲೆ ಕುಸಿದು ಕೂತ. ಬೊಡ್ಡೆ ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ. ತಂಗಿ ಬಂದು ಪಕ್ಕದಲ್ಲಿ ಕೂತಳು. ಅವನೇ ಕೇಳಿದ: "ನಿನ್ನ ಯಂತ್ರ ಯಾವಾಗ ಬರುತ್ತೆ?"

"ಮೊದಲು ನೆಲದೊಳಗೆ ಏನಿದೆ ನೋಡಿಸಬೇಕು. ಆಮೇಲೆ ಯಂತ್ರ."

ಆ ವಾರವೇ ನೀರಿನವರು, ಕರೆಂಟಿನವರು ಬಂದು ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿದರು. ಕರೆಂಟು ತಂತಿ ಹೋಗಿದ್ದದ್ದು ಪೈಲ್ವಾನ ಹಾರೆ ಹಾಕಿದ್ದ ಗುಂಡಿಯ ಪಕ್ಕದಲ್ಲೇ!

ಯಂತ್ರ ಬಂದ ದಿನ ಬೀದಿಗೆ ಬೀದಿಯೇ ಮಾಳಿಗೆ ಹತ್ತಿ ನಿಂತಿತ್ತು. ತಂಗಿ ಹೆಲ್ಮೆಟ್ಟು, ದಪ್ಪ ಕನ್ನಡಕ, ಕಿವಿಗೆ ರಕ್ಷೆ ಹಾಕಿಕೊಂಡಳು. ಸುತ್ತಲೂ ತಡೆಪರದೆ ನಿಲ್ಲಿಸಿದಳು. ಉಕ್ಕಿನ ಹಲ್ಲಿನ ಚಕ್ರ ತಿರುಗಿತು ನೋಡಿ! ಬಲಕ್ಕೊಮ್ಮೆ, ಎಡಕ್ಕೊಮ್ಮೆ ಸರಿಯುತ್ತಾ ಬೊಡ್ಡೆಯನ್ನು ಪುಡಿ ಪುಡಿ ಮಾಡಿತು. ತಂತಿಯ ಬದಿಯ ಬೇರನ್ನು ಮಾತ್ರ ಮುಟ್ಟದೆ ಬಿಟ್ಟು, ಉಳಿದದ್ದನ್ನೆಲ್ಲ ನೆಲಮಟ್ಟಕ್ಕಿಂತ ಕೆಳಗಿನವರೆಗೂ ಅರೆಯಿತು.

"ಅಯ್ಯಯ್ಯೋ, ಕ್ಯಾರೆಟ್ ತುರಿದ ಹಾಗೆ ತುರೀತಾ ಇದೆಯಲ್ಲೇ!" ಎಂದು ಅಮ್ಮ ಮುಚ್ಚಿದ ಕಿಟಕಿಯ ಗಾಜಿಗೆ ಮೂಗೊತ್ತಿ ಚಪ್ಪಾಳೆ ತಟ್ಟಿದಳು.

"ಆ ಕಡೆ ಇನ್ನೂ ಇದೆ, ಬಿಡಬೇಡ ಅದನ್ನ!" ಎಂದು ಪೈಲ್ವಾನ ಪಂದ್ಯ ನೋಡುವವನಂತೆ ಒಳಗೆ ಅಮ್ಮನ ಪಕ್ಕದಿಂದಲೇ ಕೂಗುತ್ತಿದ್ದ. ಯಂತ್ರದ ಸದ್ದಿನಲ್ಲಿ ಯಾರಿಗೆ ಕೇಳಬೇಕು!

ಮಧ್ಯಾಹ್ನದ ಊಟದ ಹೊತ್ತಿಗೆ ಬೊಡ್ಡೆ ಇದ್ದಲ್ಲಿ ಬರೀ ಗುಂಡಿ.

"ಗೆದ್ದಲು ಹಿಡಿದ ಪುಡಿ ಮನೆ ಹತ್ರ ಬೇಡ, ನಾವೇ ಸಾಗಿಸ್ತೀವಿ," ಎಂದಳು ತಂಗಿ. "ಬಾಗಿಲಿಗೆ ಔಷಧಿ ಬೇರೆ ಹೊಡೆಸಿ. ಗುಂಡಿಗೆ ಮಣ್ಣು ತುಂಬಿ ಚೆನ್ನಾಗಿ ತುಳೀಬೇಕು."

"ತುಳಿಯೋದು ನಂಗೆ ಬಿಡು!" ಪೈಲ್ವಾನ ಆಗಲೇ ಸಲಿಕೆ ಹಿಡಿದಿದ್ದ.

ಸಂಜೆ ಅಮ್ಮ ಮೆಲ್ಲಗೆ ಮೆಟ್ಟಿಲಿಳಿದಳು. ಸೊಸೆ ಕೈ ಕೊಡಲು ಬಂದರೆ "ಬಿಡೇ, ನಾನೇ ಹೋಗ್ತೀನಿ" ಎಂದಳು. ಅಂಗಳ ದಾಟಿದಳು. ಗೇಟು ತೆಗೆದಳು. ಹಿಂದೆ ತಿರುಗಿಯೂ ನೋಡದೆ ಎದುರು ಮನೆಯವರ ಬಾಗಿಲು ತಟ್ಟಿ, ಒಳಗೆ ಹೋಗಿ ಹರಟೆಗೆ ಕೂತೇಬಿಟ್ಟಳು! ಪೈಲ್ವಾನ ನಗುತ್ತಲೇ ಕಣ್ಣೊರೆಸಿಕೊಂಡ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಅಂಗಳದಲ್ಲೂ ಇಂಥ ಬೊಡ್ಡೆ ಇದೆಯೇ? ಇವತ್ತೇ ಹೋಗಿ ಒಮ್ಮೆ ನೋಡಿ. ಗಾಡಿಗೆ ಕಟ್ಟಿ ಎಳೆಯಬೇಡಿ, ಎಣ್ಣೆ ಸುರಿದು ಬೆಂಕಿ ಇಡಬೇಡಿ. ಕೆಲಸ ಬಲ್ಲವರನ್ನು ಕರೆಸಿ. ಬಂದವರನ್ನು "ನೆಲದೊಳಗಿನ ತಂತಿ, ಪೈಪು ನೋಡಿಸಿದ್ದೀರಾ?" ಎಂದು ಕೇಳಲು ಸಂಕೋಚ ಬೇಡ. ಯಂತ್ರ ಓಡುವಾಗ ಮಕ್ಕಳು, ದೊಡ್ಡವರು, ನಾಯಿ ಬೆಕ್ಕು ಎಲ್ಲ ಒಳಗಿರಲಿ. ತೋಳಿನ ಬಲ ತೋರಿಸಲು ಬೇರೆ ನೂರು ಕೆಲಸಗಳಿವೆ. ನಿಮ್ಮವರು ಓಡಾಡುವ ಜಾಗದಲ್ಲಿ ಆ ಪಂದ್ಯ ಬೇಡ.