ಹಗ್ಗ ಬಿಗಿದ ಹೊರಸು

ನಾನೊಂದು ಹೊರಸು. ಜಾಲಿ ಕಟ್ಟಿಗೆಯ ನಾಲ್ಕು ಕಾಲು, ಪುಂಡಿ ನಾರಿನ ಹಗ್ಗದ ಮೈ. ನನ್ನನ್ನು ಮಾಡಿದ ಮಾನಪ್ಪ ಬಡಿಗೇರ, "ಬಾಣಂತಿ ಮಲಗೂ ಹೊರಸಿದು, ಅಲುಗಾಡಬಾರದು" ಅಂತ ಕಾಲಿಗೆ ಎರಡು ಏಟು ಹೆಚ್ಚೇ ಹಾಕಿದ್ದ. ಆ ಬಾಣಂತಿ ನೀಲವ್ವ. ಕೂಸಿನ ಸಮೇತ ಬೆಟಗೇರಿಯ ಗಂಡನ ಮನೆಗೆ ಹೊರಟಾಗ ತವರಿನವರು ನನ್ನನ್ನೂ ಹೇರಿ ಕಳಿಸಿದರು.

ಅಲ್ಲಿಂದ ಮುಂದೆ ನೇಕಾರರ ಓಣಿಯಲ್ಲಿ ಯಾರೇ ಹಡೆಯಲಿ, ನನಗೆ ಕರೆ. ತಲೆಗೆ ಅರಿವೆ ಕಟ್ಟಿಕೊಂಡು ಎಷ್ಟು ಹೆಣ್ಣುಮಕ್ಕಳು ನನ್ನ ಮೇಲೆ ಮಲಗಿದರೋ! ಕೆಳಗೆ ಕೆಂಡ, ಲೋಬಾನದ ಹೊಗೆ. ಮಲಗಿದವರನ್ನು ಏಳಗೊಡದ ಹಾಗೆ ಹಿಡಿದಿಟ್ಟುಕೊಳ್ಳುವುದೇ ನನ್ನ ಹೆಮ್ಮೆ. ಬರಬರುತ್ತ ನಡು ಜೋತುಬಿತ್ತು. ಅದಕ್ಕೂ ಜನ, "ತೊಟ್ಟಿಲ ಇದ್ದಂಗೈತಿ" ಅಂತ ಹೊಗಳಿದರು. ನಾನು ಉಬ್ಬಿಹೋದೆ.

ಪಕ್ಕದ ಕೋಣೆಯ ಮಗ್ಗಕ್ಕೂ ನನಗೂ ಮಾತ್ರ ಆಗಿಬರುತ್ತಿರಲಿಲ್ಲ. ನಾನು ಮಲಗಿಸುವವನು, ಅದು ಎಬ್ಬಿಸುವುದು. ನೀಲವ್ವನ ಸೊಸೆ ಸಕ್ಕುಬಾಯಿ ಮಗ್ಗದ ಕಡೆಯವಳು. ಬೆಳಗಾದರೆ ಸಾಕು, ಬಲಗೈಯಲ್ಲಿ ಲಾಳಿಯ ಹಗ್ಗ ಜಗ್ಗುತ್ತ ಲಟಕ್ ಪಟಕ್ ಶುರು. ನನ್ನ ಮೇಲೆ ಬಟ್ಟೆ ಮಡಚಿಡುವುದು ಬಿಟ್ಟರೆ ಆಕೆಗೆ ನನ್ನ ಗೊಡವೆಯೇ ಇರಲಿಲ್ಲ.

ಅಂಥವಳು ಒಂದು ದಿನ ಆಸ್ಪತ್ರೆಯಿಂದ ಬಂದು ನನ್ನ ಮೇಲೆ ಒರಗಿದಳು. ಸ್ತನದ ಕ್ಯಾನ್ಸರ್. ಬಲಗಡೆ ಆಪರೇಷನ್ ಆಗಿ, ಕಿಮೋನೂ ಮುಗಿದಿತ್ತು. ಬಲಗೈ ಮೇಲೆತ್ತಲು ಬರುತ್ತಿರಲಿಲ್ಲ. ನೀಲವ್ವನಿಗೆ ಗೊತ್ತಿದ್ದದ್ದು ಒಂದೇ ಆರೈಕೆ, ಬಾಣಂತಿಯದು. ಸೊಸೆಯ ಬೋಳುತಲೆಗೆ ಅರಿವೆ ಕಟ್ಟಿದಳು, ಕಿಟಕಿ ಮುಚ್ಚಿದಳು, ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ.

"ಮಲ್ಕೊ ನನ್ನವ್ವಾ. ನೀ ಏಳಬ್ಯಾಡ, ನಾ ಅದೀನಿ."

ಪ್ರೀತಿಯೇನೋ ಬೆಟ್ಟದಷ್ಟಿತ್ತು. ಆದರೆ ಮಲಗಿದಷ್ಟೂ ಸಕ್ಕುಬಾಯಿಗೆ ಸುಸ್ತು ಹೆಚ್ಚಾಯಿತು. ನಿದ್ದೆ ಮಾಡಿ ಎದ್ದರೂ ಸುಸ್ತು, ಎರಡು ಮಾತಾಡಿದರೂ ಸುಸ್ತು. ಒಂದು ಸಂಜೆ ಗಂಡ ಗುರುಸಿದ್ದ ತಾಯಿಗೆ ಮೆಲ್ಲಗೆ ಹೇಳಿದ: "ಯವ್ವಾ, ಇನ್ನ ಆಕಿ ಕೈಲೆ ನೇಯೂದು ಆಗೂದಿಲ್ಲ. ದೀಪಾವಳಿ ಆದಮ್ಯಾಲೆ ಮಗ್ಗ ಬಿಚ್ಚಿಸಿಬಿಡೂಣು."

ಸಕ್ಕುಬಾಯಿಗೆ ಕೇಳಿಸಿತು. ಗೋಡೆ ಕಡೆ ಹೊರಳಿ ಅತ್ತಳು. ಮಗ್ಗ ತೊಲಗುತ್ತದೆ ಅಂತ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅದೇ ವಾರ ಆಸ್ಪತ್ರೆಯಿಂದ ಫಿಜಿಯೋಥೆರಪಿಯ ಶಾಹೀನ್ ಬಂದಳು. ಬಂದವಳೇ ನನ್ನ ನಡು ಒತ್ತಿ ನೋಡಿ, "ಇದು ಹೊರಸಲ್ರಿ ಅಮ್ಮಾರ, ತಗ್ಗು" ಅಂದಳು. ನನಗೆ ಎಷ್ಟು ಸಿಟ್ಟು ಬಂತು ಅಂತೀರಿ!

"ಇದು ದುಡದ ದಣಿವಲ್ರಿ, ಔಷಧದ ದಣಿವು. ಬರೀ ಮಲಗಿದ್ರ ಹೋಗಂಗಿಲ್ಲ. ಸ್ವಲ್ಪ ಸ್ವಲ್ಪ ಎದ್ದು ಅಡ್ಡಾಡಬೇಕು, ಕೈ ಎತ್ತಬೇಕು. ದಣಿವಾದ್ರ ಕುಂದರಬೇಕು, ಮತ್ತ ಏಳಬೇಕು."

"ಹೊಲಿಗಿ ಹಾಕಿದ ಮೈ ಅದು! ನಿನಗ ಕರುಳ ಐತೋ ಇಲ್ಲೋ?" ನೀಲವ್ವ ರೇಗಿದಳು.

"ಹೊಲಿಗಿ ಎಲ್ಲಾ ಮಾಯ್ದಾವ್ರಿ. ಡಾಕ್ಟರ ನೋಡೇ ನನ್ನ ಕಳಿಸ್ಯಾರ" ಅಂದ ಶಾಹೀನ್, ನನ್ನ ಅಂಚಿನಲ್ಲಿ ಕೂತು ಏಳುವುದನ್ನೂ, ಗೋಡೆಯ ಮೇಲೆ ಬಲಗೈ ಬೆರಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವುದನ್ನೂ ತೋರಿಸಿ ಹೋದಳು.

ಆಕೆ ಅತ್ತ ಹೋದದ್ದೇ ತಡ, ಸಕ್ಕುಬಾಯಿ ಏಳಲು ನೋಡಿದಳು. ನನ್ನ ತಗ್ಗು ಆಕೆಯನ್ನು ಒಳಗೆಳೆದುಕೊಂಡಿತು. ಮತ್ತೆ ಎದ್ದಳು, ಮತ್ತೆ ಬಿದ್ದಳು. ನೀಲವ್ವ ಓಡಿಬಂದು, "ಬ್ಯಾಡ ಅಂದ್ನಿಲ್ಲ?" ಅಂದಳು.

"ಅತ್ತಿ, ಬಾಣಂತಿಗೆ ಮಗ್ಗಲದಾಗ ಕೂಸಿರತೈತಿ. ನನಗ ಇರೂದು ಆ ಮಗ್ಗ ಒಂದ. ಅದನ್ನೂ ಬಿಚ್ಚಿದ್ರ ನಾ ಯಾತಕ್ಕ ಏಳಲಿ, ಹೇಳ್ರಿ?"

ನೀಲವ್ವ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ನನ್ನನ್ನು ಮಗ್ಗುಲಿಗೆ ಉರುಳಿಸಿ, ಚೌಕಟ್ಟಿಗೆ ಕಾಲು ಕೊಟ್ಟು, ಹಗ್ಗ ಎಳೆಯತೊಡಗಿದಳು. ಅಯ್ಯೋ, ಆ ನೋವು! ಒಂದೊಂದೇ ಎಳೆ ಕಿರುಗುಟ್ಟುತ್ತ ಬಿಗಿಯಾಯಿತು. ಮುಖದ ಬೆವರು ಒರೆಸಿಕೊಂಡು, "ಈಗ ಕುಂದರು" ಅಂದಳು. ಕೂತಳು. "ಏಳು." ಸಕ್ಕುಬಾಯಿ ನನ್ನ ಅಂಚು ಹಿಡಿದು ಎದ್ದು ನಿಂತಳು. ಅತ್ತೆ ಎದುರಿಗೆ ಎರಡೂ ಕೈ ಚಾಚಿ ನಿಂತಿದ್ದಳು, ಆದರೆ ಮುಟ್ಟಲಿಲ್ಲ.

ಆಮೇಲೆ ಹೊಸ್ತಿಲವರೆಗೆ ನಡಿಗೆ, ಬೇವಿನ ಗಿಡದವರೆಗೆ, ಓಣಿಯ ತಿರುವಿನವರೆಗೆ. ಗೋಡೆ ಹತ್ತುವ ಬೆರಳು ನಿಧಾನಕ್ಕೆ ತಲೆಗಿಂತ ಎತ್ತರದ ದೀಪದ ಗೂಡನ್ನು ಮುಟ್ಟಿತು. ಜ್ವರ ಬಂದ ದಿನ ಎಲ್ಲಕ್ಕೂ ರಜೆ. ಸುಸ್ತು ಪೂರ್ತಿ ಹೋಯಿತು ಅಂತ ಸುಳ್ಳು ಯಾಕೆ ಹೇಳಲಿ? ಹೋಗಲಿಲ್ಲ, ಆದರೆ ಬಹಳ ಕಡಿಮೆಯಾಯಿತು. ದೀಪಾವಳಿ ಬಂದು ಹೋಯಿತು, ಮಗ್ಗ ಬಿಚ್ಚುವ ಮಾತು ಯಾರೂ ಎತ್ತಲಿಲ್ಲ. ಒಂದು ಬೆಳಗ್ಗೆ ಪಕ್ಕದ ಕೋಣೆಯಿಂದ ಲಟಕ್ ಪಟಕ್ ಸದ್ದು ಬಂತು. ನನ್ನ ಜನ್ಮಕ್ಕೆ ಅದು ಅಷ್ಟು ಚೆಂದ ಕೇಳಿಸಿದ್ದೇ ಇಲ್ಲ! ಸಕ್ಕುಬಾಯಿ ಸ್ವಲ್ಪ ನೇಯ್ದು ಬಂದು ನನ್ನ ಮೇಲೆ ಕೂತಳು. ದಣಿವಾರಿಸಿಕೊಂಡು ಮತ್ತೆ ಹೋದಳು.

ನನಗೀಗ ವಯಸ್ಸಾಯಿತು. ಒಂದು ಕಾಲಿಗೆ ಗೆದ್ದಲು. ಹಿತ್ತಲ ಮೂಲೆಯಲ್ಲಿ ಒದ್ದೆ ನೂಲು ಒಣಗಿಸಿಕೊಂಡು ಇದ್ದೇನೆ. ಹಗ್ಗ ಮತ್ತೆ ಜೋತಿದೆ. ನಿನ್ನೆ ಕೆಳಗಿನ ಓಣಿಯವರೊಬ್ಬರು ಬಂದರು. ಅವರ ಹೆಂಡತಿಗೂ ಅದೇ ಕಾಯಿಲೆ, ಔಷಧ ಮುಗಿಸಿ ಮನೆಗೆ ಬಂದಿದ್ದಾಳಂತೆ.

"ಆಕಿ ಮಲಗಾಕ ನಿಮ್ಮ ಹೊರಸು ಬೇಕಾಗಿತ್ರಿ."

ನೀಲವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. "ಒಯ್ಯುವಿಯಂತ, ತಡಿಯಪಾ. ಹಗ್ಗ ಬಿಗದು ಕೊಡ್ತೀನಿ."

ಮುದಿ ಕೈಗೆ ಒಬ್ಬಳಿಗೇ ಎಲ್ಲಿ ಆಗಬೇಕು? ಒಳಗೆ ಮಗ್ಗದ ಸದ್ದು ನಿಂತಿತು. ಸಕ್ಕುಬಾಯಿ ಹೊರಗೆ ಬಂದು ಇನ್ನೊಂದು ತುದಿ ಹಿಡಿದಳು. ಬಲಗೈಯಲ್ಲೇ ಎಳೆದಳು. ನನಗೆ ನೋವಾಯಿತು. ಆಗಲಿ ಬಿಡು, ಇನ್ನೂ ಎಳಿ ಅಂದೆ.