ಬೇಲಿಯ ಪಕ್ಕದ ಗೋಧಿ

1664ರ ಮೇ ತಿಂಗಳ ಉಪವಾಸದ ದಿನ, ಅಮೆರಿಕದ ಕಡಲಂಚಿನಲ್ಲಿ ಇಂಗ್ಲಿಷರು ಕಟ್ಟಿಕೊಂಡ ಮಾರ್ಷ್‌ಬಿ ಊರಿನವರಿಗೆ ಹೊಟ್ಟೆಗಿಂತ ಕಿವಿಯೇ ಹೆಚ್ಚು ದಣಿದದ್ದು. ಪಾದ್ರಿಗಳು ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ ನಿಂತು ಊರಿನ ಪಾಪಗಳನ್ನು ಒಂದೊಂದಾಗಿ ಎತ್ತಿ ಆಡಿದರು. ಎರಡು ವರ್ಷದಿಂದ ಗೋಧಿಗೆ ತುಕ್ಕು ಹಿಡಿದು ಕಾಳೆಲ್ಲ ಜೊಳ್ಳಾಗುತ್ತಿದೆಯಲ್ಲ, ಅದು ದೇವರ ಕೋಪ. ಕೋಪಕ್ಕೆ ಕಾರಣ ಗಂಡಸರ ಉದ್ದ ಕೂದಲು, ಹೆಂಗಸರ ರಿಬ್ಬನ್ನು, ಪ್ರಾರ್ಥನೆಯ ಹೊತ್ತಿನ ತೂಕಡಿಕೆ. ಅವರು ಹಾಗೆ ಹೇಳುತ್ತಿದ್ದಾಗಲೇ ಹಿಂದಿನ ಬೆಂಚಿನಲ್ಲಿ ಮೂವರು ತೂಕಡಿಸುತ್ತಿದ್ದರು. ಕಾವಲಿನವನು ಉದ್ದ ಕೋಲಿನ ತುದಿಗೆ ಕಟ್ಟಿದ ನರಿಬಾಲದಿಂದ ಅವರ ಮೂಗಿಗೆ ಕಚಗುಳಿ ಇಡುತ್ತ ಓಡಾಡುತ್ತಿದ್ದ.

ಡಾರ್ಕಸ್ ಪೆಕ್ ತೂಕಡಿಸಲಿಲ್ಲ. ಅವಳ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕುಬಿಟ್ಟಿತ್ತು. ಪ್ರಶ್ನೆ ಹೊಕ್ಕರೆ ಆಯಿತು, ಅವಳಿಗೆ ಊಟವೂ ಬೇಡ ನಿದ್ದೆಯೂ ಬೇಡ. ಮನೆಗೆ ಹೋಗುವ ದಾರಿಯಲ್ಲಿ ಅತ್ತೆಯ ಪಕ್ಕ ನಡೆಯುತ್ತ ಮೆಲ್ಲಗೆ ಬಾಯಿಬಿಟ್ಟಳು.

"ಅತ್ತೆ, ದೇವರಿಗೆ ಇಡೀ ಊರಿನ ಮೇಲೆ ಕೋಪ ಅಲ್ವಾ? ಹಾಗಿದ್ರೆ ನಮ್ಮ ಹೊಲಕ್ಕೆ ತುಕ್ಕು ಎರಡು ವರ್ಷವೂ ಮೂಡಣದ ಅಂಚಿಂದಲೇ ಯಾಕೆ ಹತ್ತಿತು?"

ಅತ್ತೆ ಟ್ರೈಫೀನಾ ನಿಂತೇಬಿಟ್ಟಳು. "ಮೆಲ್ಲಗೆ ಮಾತಾಡೇ. ಯಾರಾದ್ರೂ ಕೇಳಿಸಿಕೊಂಡರೆ ಮುಂದಿನ ಉಪವಾಸಕ್ಕೆ ಪಾದ್ರಿಗಳು ನಿನ್ನ ಹೆಸರನ್ನೇ ಹಿಡಿದು ಕೂರ್ತಾರೆ. ದೇವರು ಎಲ್ಲರಿಗೂ ನಾಲಿಗೆ ಕೊಟ್ಟರೆ ನಿನಗೆ ನಾಲಿಗೆ ಜಾಗದಲ್ಲಿ ಒಂದು 'ಯಾಕೆ' ಇಟ್ಟು ಕಳಿಸಿದಾನೆ."

"ಆದ್ರೆ ಯಾಕೆ ಅತ್ತೆ?"

"ಹೋಗೇ, ಹಸು ಕರಿ ಹೋಗು."

ಡಾರ್ಕಸ್‌ಗೆ ಈ ಗೋಧಿಯ ಉಸಾಬರಿ ಬರೀ ಕುತೂಹಲಕ್ಕಲ್ಲ. ಅವಳಿಗೆ ಆರು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ಚಳಿಗಾಲದಲ್ಲಿ ತೀರಿಕೊಂಡರು. ಆಮೇಲೆ ಊರಿನ ಹಿರಿಯರು ಅವಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಕೆಲಸಕ್ಕೆ ಹಚ್ಚುತ್ತ ಹೋದರು. ಏಳು ಮನೆಯ ಒಲೆಯ ಬೂದಿ ತೆಗೆದವಳು ಅವಳು. ಎಂಟನೆಯದು ಈ ಮನೆ, ಅಬೈಜಾ ಪೆಕ್‌ನನ್ನು ಮದುವೆಯಾಗಿ ಬಂದದ್ದು. ಈ ಒಲೆಯೊಂದೇ ಅವಳದು. ಈಗ ಅಬೈಜಾ ನೋಡಿದರೆ, ಈ ಸಲವೂ ಗೋಧಿ ಕೈಕೊಟ್ಟರೆ ಹೊಲ ಮನೆ ಮಾರಿ ಕನೆಕ್ಟಿಕಟ್ ಹೊಳೆಯ ದಂಡೆಗೆ ಹೋಗುವುದೇ ಸೈ ಅಂತ ಕೂತಿದ್ದ. ಮೂರು ಸಂಸಾರ ಆಗಲೇ ಗಂಟುಮೂಟೆ ಕಟ್ಟಿ ಹೊರಟುಹೋಗಿದ್ದವು. ಹೊಗೆಗೂಡಿನ ಬಿರುಕಿನಿಂದ ಹೊಗೆಯೆಲ್ಲ ಅಡುಗೆಮನೆಗೇ ಬರುತ್ತಿತ್ತು. ಮೆತ್ತಿಕೊಡಿ ಅಂದರೆ, "ಬಿಟ್ಟುಹೋಗೋ ಮನೆಗೆ ಮಣ್ಣು ಯಾಕೆ ಮಾರಾಯ್ತಿ" ಎನ್ನುತ್ತಿದ್ದ.

ಹಾಗಂತ ಯಾರೂ ಹಸಿದು ಸಾಯುತ್ತಿರಲಿಲ್ಲ. ಮೆಕ್ಕೆಜೋಳಕ್ಕೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಅದು ಈ ನೆಲದ್ದೇ ಬೆಳೆ, ಇವರಿಗಿಂತ ಮೊದಲು ಇದೇ ಹೊಲಗಳಲ್ಲಿ ಬಿತ್ತುತ್ತಿದ್ದ ಜನರಿಂದ ಕಲಿತದ್ದು. ಆ ಜನರಲ್ಲಿ ಮುಕ್ಕಾಲು ಪಾಲು ಹಡಗುಗಳ ಜೊತೆ ಬಂದ ಜಾಡ್ಯಕ್ಕೆ ಹೋದರು, ಉಳಿದವರನ್ನು ಹೊಳೆಯಾಚೆ ಸರಿಸಿದ್ದಾಯಿತು, ಅವರ ಜೋಳವನ್ನು ಮಾತ್ರ ಇವರು ಇಟ್ಟುಕೊಂಡರು. ಇಟ್ಟುಕೊಂಡು ಮೂವತ್ತು ವರ್ಷದಿಂದ ಅದನ್ನೇ ತಿನ್ನುತ್ತ ಅದನ್ನೇ ಬೈಯುತ್ತಿದ್ದರು. ಗೋಧಿ ಬ್ರೆಡ್ಡಿಲ್ಲದ ಊರು ಇಂಗ್ಲಿಷರ ಊರೇ ಅಲ್ಲ ಅಂತ ಅಬೈಜಾನ ವಾದ.

ಡಾರ್ಕಸ್ ಮಾರನೆಯ ದಿನವೇ ಹೊಲಕ್ಕೆ ಹೋಗಿ ಹತ್ತು ಹತ್ತು ಹೆಜ್ಜೆಗೆ ಒಂದೊಂದು ಕಡ್ಡಿ ನೆಟ್ಟಳು. ದಿನಾ ಹಸು ಕರೆದ ಮೇಲೆ ಹೋಗಿ ಪ್ರತಿ ಕಡ್ಡಿಯ ಹತ್ತಿರ ಗೋಧಿಯ ಎಲೆ ತಿರುವಿ ನೋಡುವುದು. ಅಬೈಜಾ ನಕ್ಕ. "ಕಡ್ಡಿ ನೆಟ್ಟು ದೇವರಿಗೇ ದಾರಿ ತೋರಿಸ್ತಿದೀಯಾ?" ಎಂದ. ತೋರಿಸಿದರೆ ತೋರಿಸಿದೆ ಬಿಡಿ ಎಂದು ಅವಳು ಮುಂದಿನ ಕಡ್ಡಿಗೆ ಹೋದಳು.

ಮೂಡಣದ ಅಂಚಿನಲ್ಲಿ, ಕಡಲ ಗಾಳಿ ಬೀಸುವ ಕಡೆಗೆ, ಟ್ರೈಫೀನಾಳ ಬೇಲಿ ಇತ್ತು. ಬೇಲಿಯೆಂದರೆ ಅಂತಿಂಥ ಬೇಲಿಯಲ್ಲ, ಇಡೀ ಊರಿಗೆ ಹೆಸರಾದ ಬಾರ್ಬೆರಿ ಬೇಲಿ. ಹದಿನೆಂಟರ ಹುಡುಗಿ ಟ್ರೈಫೀನಾ ಇಂಗ್ಲೆಂಡಿನ ಸಫೊಕ್‌ನಿಂದ ಹಡಗು ಹತ್ತುವಾಗ ಲಂಗದ ಅಂಚಿನೊಳಗೆ ಹಣ್ಣಿನ ಬೀಜ ಹೊಲಿದುಕೊಂಡು ಬಂದಿದ್ದಳು. ಈಗ ಆಳೆತ್ತರ ಬೆಳೆದು, ಮುಳ್ಳಿಗೆ ಹಂದಿಯೂ ನುಗ್ಗುತ್ತಿರಲಿಲ್ಲ. ಅದರ ಹುಳಿ ಕೆಂಪು ಹಣ್ಣಿನ ಮುರಬ್ಬ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಬೇರಿನಿಂದ ಉಣ್ಣೆಗೆ ಹಳದಿ ಬಣ್ಣ. ಊರಿನ ಹತ್ತೊಂಬತ್ತು ಮನೆಗೆ ಅವಳೇ ಬುಡದ ಸಸಿ ಕಿತ್ತು ಕೊಟ್ಟಿದ್ದಳು, ಪಾದ್ರಿಗಳ ಮನೆಗೂ. ಊರಲ್ಲಿ ಅವಳನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದದ್ದು ಅರ್ಧ ಅವಳ ವಯಸ್ಸಿಗೆ, ಅರ್ಧ ಆ ಬೇಲಿಗೆ.

ಮೇ ಮುಗಿಯುತ್ತ ಬಂದಾಗ ಒಂದು ದಿನ ಆ ಬೇಲಿಯ ಮುಳ್ಳು ಡಾರ್ಕಸ್‌ಳ ತೋಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಾಗ ಎಲೆ ಮಗುಚಿತು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಗುಳ್ಳೆ. ಬೆರಳು ಒತ್ತಿದರೆ ಪುಡಿ ಅಂಟಿತು. ಗೋಧಿಯ ತುಕ್ಕು ಇನ್ನೂ ಕೆಂಪು, ಇಟ್ಟಿಗೆಯ ಪುಡಿಯ ಹಾಗೆ. ಆದರೂ ಎರಡಕ್ಕೂ ಅಣ್ಣತಮ್ಮಂದಿರ ಚಹರೆ. ಅವಳು ಬೆರಳನ್ನೇ ನೋಡುತ್ತ ನಿಂತಳು. ಇದು ಅತ್ತೆಯ ಬೇಲಿ ಎಂದು ಭಯವಾಯಿತು, ಅದರ ಜೊತೆಗೇ, ಹೇಳಬಾರದು, ಒಳಗೊಳಗೆ ಖುಷಿಯೂ ಆಯಿತು. ಗೊತ್ತಾಗದ್ದು ಗೊತ್ತಾಗುವ ಹೊತ್ತಿನ ಖುಷಿ ಅದು.

ನಾಲ್ಕೇ ದಿನಕ್ಕೆ ಮೊದಲನೆಯ ಕಡ್ಡಿಯ ಹತ್ತಿರದ ಗೋಧಿಗೆ ತುಕ್ಕು ಹತ್ತಿತು. ಅದೇ ಬೇಲಿಗೆ ಎಲ್ಲಕ್ಕಿಂತ ಹತ್ತಿರದ ಕಡ್ಡಿ. ಆದರೆ ಇಷ್ಟಕ್ಕೇ ಅತ್ತೆಯ ಬೇಲಿಯ ಮೇಲೆ ಗೂಬೆ ಕೂರಿಸುವುದು ಹೇಗೆ? ಆಗ ಅವಳಿಗೆ ನೆನಪಾದದ್ದು ಈನಸ್ ಭಾವ.

ಈನಸ್ ಅಬೈಜಾನ ದೊಡ್ಡಪ್ಪನ ಮಗ. ಊರಿಗೆ ಎದುರಾಗಿ ಕೊಲ್ಲಿಯಲ್ಲಿರುವ ಆಡಿನ ದ್ವೀಪದಲ್ಲಿ ಒಬ್ಬನೇ ಇದ್ದುಕೊಂಡು ಮೀನು ಹಿಡಿಯುತ್ತ, ಒಂದು ತುಂಡು ನೆಲದಲ್ಲಿ ಗೋಧಿ ಬಿತ್ತುತ್ತಿದ್ದ. ಕೂದಲು ಹೆಗಲವರೆಗೆ. ಭಾನುವಾರ ಪ್ರಾರ್ಥನೆಗೆ ಬಾ ಎಂದರೆ ಅಲೆಯ ಮೇಲೆ ತಪ್ಪು ಹಾಕುವುದು. ಬಂದರೆ ನರಿಬಾಲದ ಕೋಲಿಗೆ ಅವನೇ ಮೊದಲ ಗಿರಾಕಿ. ಪಾಪದ ಲೆಕ್ಕಕ್ಕೆ ಹೋದರೆ ಅವನ ಗೋಧಿಗೆ ಬುಡಸಮೇತ ತುಕ್ಕು ಹಿಡಿಯಬೇಕಿತ್ತು.

ಡಾರ್ಕಸ್ ಬೆಣ್ಣೆ ಕೊಟ್ಟು ಮೀನು ತರುತ್ತೇನೆಂದು ಹೇಳಿ ದೋಣಿಯಲ್ಲಿ ಹೋದಳು. ದಡಕ್ಕೆ ಇಳಿದವಳು ನೇರ ಅವನ ಹೊಲಕ್ಕೆ ನಡೆದಳು. ಗೋಧಿ ತೊಳೆದಿಟ್ಟ ಹಾಗೆ ಹಸಿರಾಗಿತ್ತು.

"ಏನು ತಾಯಿ, ನನ್ನ ಪಾಪ ಎಣಿಸೋಕೆ ಬಂದೆಯಾ?" ಎಂದ ಈನಸ್, ಬಲೆ ಹೊಲಿಯುತ್ತ.

"ಎಣಿಸೋಕೇ ಬಂದೆ ಭಾವ. ಇಷ್ಟೆಲ್ಲ ಪಾಪ ಮಾಡಿಯೂ ನಿಮ್ಮ ಗೋಧಿ ಹೀಗೆ ಯಾಕಿದೆ?"

"ದೇವರಿಗೂ ದೋಣಿ ಸಿಕ್ಕಿರಲಿಕ್ಕಿಲ್ಲ."

"ಈ ದ್ವೀಪದಲ್ಲಿ ಬಾರ್ಬೆರಿ ಗಿಡ ಇದೆಯಾ?"

"ನಿನ್ನ ಅತ್ತೆ ಕೊಡೋಕೆ ಬಂದಿದ್ದಳು. ನೆಡೋದು ಯಾರು ಅಂತ ಸಮುದ್ರಕ್ಕೆ ಬಿಸಾಕಿದೆ. ಹೇಳಿಬಿಟ್ಟೀಯಾ ಮತ್ತೆ."

ಡಾರ್ಕಸ್ ಮೇಲಂಗಿಯ ಒಳಗೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬಾರ್ಬೆರಿ ಕೊಂಬೆ ತೆಗೆದು ತೋರಿಸಿದಳು, ತನ್ನ ಅನುಮಾನವನ್ನೂ ಹೇಳಿದಳು. ಈನಸ್ ಸೂಜಿ ಕೆಳಗಿಟ್ಟ. ಅವನೂ ಕುತೂಹಲದ ಮನುಷ್ಯನೇ, ಆಲಸ್ಯ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ. ಹಳೆಯ ಮೀನಿನ ಪೀಪಾಯಿಯೊಂದನ್ನು ಅರ್ಧಕ್ಕೆ ಕೊಯ್ದು, ಮಣ್ಣುಸಮೇತ ನಾಲ್ಕು ಹಿಡಿ ಗೋಧಿ ಅಗೆದು ಅದರಲ್ಲಿ ಕೂರಿಸಿ, ಗಾಳಿ ಹೊಲ ದಾಟಿ ಬೀಸಿಹೋಗುವ ಕಡೆ, ಹೊಲದಿಂದ ಆದಷ್ಟು ದೂರದ ಬಂಡೆಯ ಮೇಲಿಟ್ಟ. ಅವಳು ನೀರು ಚಿಮುಕಿಸಿ ಅದರ ಮೇಲೆ ಕೊಂಬೆ ಕೊಡವಿದಳು. ಇಬ್ಬರೂ ಸೇರಿ ಒಂದು ದಿನ ಹರಕು ಹಾಯಿಬಟ್ಟೆ ಮುಚ್ಚಿಟ್ಟರು.

"ಇದಕ್ಕೆ ಏನೂ ಆಗದಿದ್ರೆ?" ಎಂದ ಈನಸ್.

"ಆಗದಿದ್ರೆ ನಾನು ಅತ್ತೆಯ ಕಾಲು ಹಿಡೀತೀನಿ, ಮನಸ್ಸಲ್ಲೇ."

"ಆದ್ರೆ?"

ಅವಳು ಮೀನಿನ ಬುಟ್ಟಿ ಎತ್ತಿಕೊಂಡು ದೋಣಿ ಹತ್ತಿದಳು. ಮುಂದಿನ ಹನ್ನೆರಡು ದಿನ ಅವಳಿಗೆ ಅನ್ನಿಸಿದ್ದು ಇಷ್ಟೇ: ಆಗಲಿ ಅಂತಲೂ ಬೇಡಿಕೊಳ್ಳುವ ಹಾಗಿಲ್ಲ, ಆಗದಿರಲಿ ಅಂತಲೂ ಬೇಡಿಕೊಳ್ಳುವ ಹಾಗಿಲ್ಲ. ತುಕ್ಕು ಹತ್ತಿದರೆ ಮನೆ ಉಳಿಯಬಹುದು, ಅತ್ತೆಯ ಮುಖ ಉಳಿಯುವುದಿಲ್ಲ.

ಹನ್ನೆರಡನೆಯ ದಿನ ಈನಸ್ ಮೊದಲ ಸಲ ತಾನಾಗಿಯೇ ಊರಿಗೆ ದೋಣಿ ಹುಟ್ಟು ಹಾಕಿಕೊಂಡು ಬಂದ. ಪೀಪಾಯಿಯ ಗೋಧಿ ಬುಡದಿಂದ ತುದಿಗೆ ಕೆಂಪಾಗಿತ್ತಂತೆ, ಹೊಲದಲ್ಲಿ ಒಂದು ಚುಕ್ಕೆಯಿಲ್ಲವಂತೆ. ಎರಡರಿಂದಲೂ ಒಂದೊಂದು ಹಿಡಿ ಕೊಯ್ದು ತಂದು ಅವಳ ಕೈಗಿಟ್ಟು, "ಉಳಿದದ್ದನ್ನ ಪೀಪಾಯಿ ಸಮೇತ ಸುಟ್ಟೆ" ಎಂದು ಹೇಳಿ ಹೋದ.

ಡಾರ್ಕಸ್ ಆ ಎರಡು ಹಿಡಿಯನ್ನೂ ಅಡುಗೆಮನೆಯ ಮೇಜಿನ ಮೇಲೆ ಅತ್ತೆಯ ಮುಂದಿಟ್ಟು, ಕಡ್ಡಿಯಿಂದ ಹಿಡಿದು ಪೀಪಾಯಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಟ್ರೈಫೀನಾ ಪೂರ್ತಿ ಕೇಳಿದಳು. ಕೇಳಿ ಎದ್ದು ನಿಂತಳು.

"ಸಮುದ್ರ ದಾಟುವಾಗ ನನ್ನ ತಂಗಿ ಸತ್ತಳು, ಎಸೆದುಬಿಟ್ಟರು. ಈ ದಡಕ್ಕೆ ನನ್ನ ಜೊತೆ ಜೀವಂತ ಬಂದದ್ದು ಅದೊಂದೇ ಕಣೆ. ಅದಕ್ಕೆ ಈಗ ಕೊಡಲಿ ಹಾಕು ಅಂತೀಯಾ?"

"ನಾನು ಹಾಗನ್ನಲಿಲ್ಲ ಅತ್ತೆ. ಕಂಡದ್ದು ಹೇಳಿದೆ."

"ಕಾಣೋದಕ್ಕೆ ನಿನಗೆ ಬೇರೆ ಏನೂ ಸಿಗಲಿಲ್ಲ."

ಅವಳು ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಒಲೆಯ ಹೊಗೆಗೆ ಇಬ್ಬರೂ ಕಣ್ಣೊರೆಸಿಕೊಂಡರು, ಯಾವುದು ಹೊಗೆಗೆ, ಯಾವುದು ಅಳುವಿಗೆ ಅಂತ ಕೇಳುವವರಿರಲಿಲ್ಲ. ಮೂರನೆಯ ದಿನ ಬಟಾಣಿ ಬಿಡಿಸುತ್ತ ಟ್ರೈಫೀನಾ ತಲೆ ಎತ್ತದೆ ಮಾತಾಡಿದಳು.

"ಸಫೊಕ್‌ನಲ್ಲಿ ನಮ್ಮಪ್ಪ ಪ್ರತಿ ವಸಂತಕ್ಕೂ ಗುದ್ದಲಿ ಹಿಡಿದು ಹೊಲದ ಅಂಚು ಸುತ್ತುತ್ತಿದ್ದ. ಬೇರೆ ಗಿಡ ಏನೂ ಮುಟ್ಟುತ್ತಿರಲಿಲ್ಲ. ಬಾರ್ಬೆರಿ ಕಂಡರೆ ಮಾತ್ರ ಬುಡಸಮೇತ ಕಿತ್ತುಹಾಕುತ್ತಿದ್ದ. ಮುದುಕನಿಗೆ ಅದೊಂದು ಹುಚ್ಚು ಅಂತ ನಾವು ನಗ್ತಿದ್ವಿ. ಹೊಲದ ಹತ್ತಿರ ಒಂದೂ ಸಿಗಲಿಲ್ಲ ಅಂತ ನಾನು ಇಗರ್ಜಿಯ ಅಂಗಳದ ಗಿಡದಿಂದ ಹಣ್ಣು ಕಿತ್ತು ತಂದೆ."

ಡಾರ್ಕಸ್ ಹತ್ತಿರ ಸರಿದು ಕೂತಳು.

"ಯಾಕಪ್ಪಾ ಕೀಳ್ತೀಯ ಅಂತ ನಾನು ಒಂದು ದಿನ ಕೇಳಲಿಲ್ಲ" ಎಂದಳು ಟ್ರೈಫೀನಾ. "ಕೇಳಿದ್ದರೆ ಹೇಳ್ತಿದ್ದ. ನನ್ನ ಪಕ್ಕದಲ್ಲೇ ಇದ್ದ." ಬಟಾಣಿಯ ಬಟ್ಟಲು ಪಕ್ಕಕ್ಕಿಟ್ಟಳು. "ಗುದ್ದಲಿ ಎಲ್ಲಿದೆ?"

ಸೊಸೆ ತಾನು ಅಗೆಯುತ್ತೇನೆಂದರೂ ಬಿಡಲಿಲ್ಲ. ನಲವತ್ತೇಳು ವರ್ಷದ ಹೆಂಗಸು ತನ್ನ ಬೇಲಿಗೆ ತಾನೇ ಗುದ್ದಲಿ ಹಾಕಿದಳು. ಮುಳ್ಳು ಕೈಯೆಲ್ಲ ಗೀರಿತು. ಸುದ್ದಿ ಕೇಳಿ ಅಬೈಜಾ ಓಡಿಬಂದಾಗ ಅರ್ಧ ಬೇಲಿ ನೆಲಕ್ಕೆ ಬಿದ್ದಿತ್ತು.

"ಅಮ್ಮ, ನಿನಗೇನು ತಲೆ ಕೆಟ್ಟಿದೆಯಾ? ಈ ವರ್ಷದ ಗೋಧಿಗೆ ಆಗಲೇ ತುಕ್ಕು ಹತ್ತಿದೆ. ಈಗ ಕಿತ್ತರೆ ಏನು ಬಂತು?"

"ಈ ವರ್ಷದ್ದು ಹೋಯಿತು, ಗೊತ್ತು. ನಾನು ಬೇಲಿ ಕಿತ್ತಿದೀನಿ, ನೀನೊಂದು ವರ್ಷ ಕೊಡು. ಬರೋ ಬೇಸಿಗೆಗೂ ಗೋಧಿ ಜೊಳ್ಳಾದರೆ ಗಾಡಿಗೆ ಮೊದಲು ಹತ್ತೋಳು ನಾನು."

ಅಬೈಜಾ ಹೆಂಡತಿಯ ಮುಖ ನೋಡಿದ, ಅಮ್ಮನ ಕೈಯ ರಕ್ತ ನೋಡಿದ. ಒಂದು ವರ್ಷ ಎಂದ, ಒಂದೇ ಒಂದು ಎಂದ.

ಆಮೇಲೆ ಟ್ರೈಫೀನಾ ಗುದ್ದಲಿ ಹೆಗಲಿಗಿಟ್ಟು ಹತ್ತೊಂಬತ್ತು ಮನೆಗೂ ಹೋದಳು. ಕೊಟ್ಟವಳೇ ವಾಪಸು ಕೇಳಲು ಬಂದಳೆಂದು ಕೆಲವರು ನಕ್ಕರು. ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡರು. ಇವಳ ಸೊಸೆ ಇವಳಿಗೂ ಹುಚ್ಚು ಹಿಡಿಸಿದಳು ಅಂತ ಊರೆಲ್ಲ ಮಾತಾಯಿತು. ಕೊನೆಗೆ ಪಾದ್ರಿಗಳ ಮನೆ. ಅವರು ಅಂಗಳಕ್ಕೆ ಬಂದು, ಏನಮ್ಮಾ ಇದು ಎಂದು ಕೇಳಿದರು.

"ನೀವು ಹುಡುಕ್ತಿದ್ದ ಪಾಪ ಸ್ವಾಮಿ" ಎಂದಳು ಟ್ರೈಫೀನಾ. "ನಿಮ್ಮ ಬಾವಿಯ ಪಕ್ಕದಲ್ಲೇ ಇದೆ. ನಾನೇ ನೆಟ್ಟದ್ದು. ತಿಳಿಯದೆ."

ಪಾದ್ರಿಗಳು ಬಾವಿಯ ಹತ್ತಿರ ಹೋಗಿ ಎಲೆ ಮಗುಚಿ ನೋಡಿದರು. ಒಪ್ಪಿದರೋ ಇಲ್ಲವೋ ದೇವರಿಗೇ ಗೊತ್ತು. ಕೋಟು ಬಿಚ್ಚಿಟ್ಟು, ಗುದ್ದಲಿ ಇತ್ತ ಕೊಡಿ ಎಂದರು.

ಮುಂದಿನ ಜುಲೈಗೆ ಪೆಕ್‌ರ ಹೊಲ ಪೂರ್ತಿ ಶುದ್ಧವಾಗಿತ್ತು ಅಂದರೆ ಸುಳ್ಳಾಗುತ್ತದೆ. ಬಾಗಿಲು ಹಾಕಿಕೊಂಡ ಮನೆಗಳ ಕಡೆಯ ಮೂಲೆಯಲ್ಲಿ ತುಕ್ಕು ಕಂಡಿತು. ಉಳಿದ ಕಡೆ ಕಾಳು ಗಟ್ಟಿಯಿತ್ತು, ಅಂಗೈಯಲ್ಲಿ ತಿಕ್ಕಿದರೆ ತೂಕ ತಿಳಿಯುತ್ತಿತ್ತು. ಮೊದಲ ಬ್ರೆಡ್ ಸುಟ್ಟ ದಿನ ಟ್ರೈಫೀನಾ ಕಪಾಟಿನಿಂದ ಬಾರ್ಬೆರಿ ಮುರಬ್ಬದ ಕೊನೆಯ ಜಾಡಿ ಇಳಿಸಿದಳು. ಇನ್ನು ಮುಂದೆ ಅದು ಆ ಮನೆಯಲ್ಲಿ ಇಲ್ಲ. ಜಾಡಿ ಕೆರೆದು ಕೆರೆದು ಇದ್ದಷ್ಟನ್ನೂ ಒಂದೇ ತುಂಡಿಗೆ ಸವರಿ ಸೊಸೆಯ ಕೈಗಿಟ್ಟು, ತಾನು ಬರೀ ಬ್ರೆಡ್ ತಿಂದಳು.

"ಅತ್ತೆ, ನಿಮಗೆ?"

"ತಿನ್ನೇ ಸುಮ್ಮನೆ. ಇದೊಂದಕ್ಕೆ ಯಾಕೆ ಅಂತ ಕೇಳಬೇಡ."

ಅಬೈಜಾ ತನ್ನ ಪಾಲು ತಿಂದು ಮುಗಿಸಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆಗೆ ಏಣಿ ಒರಗಿಸಿದ ಸದ್ದಾಯಿತು, ಆಮೇಲೆ ಮೇಲಿನಿಂದ ಹಸಿ ಮಣ್ಣಿನ ಚೂರು ಒಲೆಯ ಬೂದಿಗೆ ಉದುರಿತು. ಡಾರ್ಕಸ್ ಕೈಯಲ್ಲಿ ಬ್ರೆಡ್ ಹಿಡಿದುಕೊಂಡೇ ತಲೆ ಎತ್ತಿ ನೋಡಿದಳು. ಹೊಗೆಗೂಡಿನ ಬಿರುಕಿನಲ್ಲಿ ಗಂಡನ ಬೆರಳುಗಳು ಮಣ್ಣು ಮೆತ್ತುತ್ತಿದ್ದವು. ಅವಳಿಗೆ ಅಳು ಒತ್ತರಿಸಿ ಬಂತು, ಈ ಸಲ ಹೊಗೆಯ ನೆಪ ಹೇಳುವಂತಿರಲಿಲ್ಲ.